ಡೊಂಬಿವಲಿಯಲ್ಲಿ ಅತ್ತೆ ಮಲಗಿದ್ದ ಮಳೆಗಾಲ

ಕಳೆದ ವಾರ ಹಳೆಯ ಬಿಲ್ಡಿಂಗಿನ ರಿಡೆವಲಪ್‌ಮೆಂಟ್ ಕಾಗದಗಳಿಗೆ ಸಹಿ ಹಾಕಲು ಡೊಂಬಿವಲಿಗೆ ಹೋಗಿದ್ದೆ. ಈಗ ನಾವಿರುವ ಐರೋಲಿಯಿಂದ ಠಾಣೆಗೆ ಬಂದು, ಅಲ್ಲಿಂದ ಕಲ್ಯಾಣ ಲೋಕಲ್ ಹಿಡಿದು, ಪೂರ್ವದ ಕಡೆ ಇಳಿದು ರಿಕ್ಷಾ ಹತ್ತಿದೆ. ಬೆಳಗಿನ ಮಳೆ ಆಗಷ್ಟೇ ನಿಂತಿತ್ತು. ಕಾರ್ಖಾನೆಗಳ ಕಡೆಯಿಂದ ಗಾಳಿ ಬೀಸಿತು. ಕೊಳೆತ ಮೊಟ್ಟೆಗೆ ಯಾರೋ ಔಷಧಿ ಬೆರೆಸಿದಂಥ ವಾಸನೆ. ರಿಕ್ಷಾದವನು ಮೂಗು ಸಹ ಮುಚ್ಚಲಿಲ್ಲ, ಅವನಿಗೆ ಅಭ್ಯಾಸ. ನನ್ನೊಳಗೆ ಮಾತ್ರ ಎರಡು ವರ್ಷದ ಹಿಂದಿನ ಸಿಟ್ಟು ಎದ್ದು ಕೂತಿತು. ಆ ಮಳೆಗಾಲವಿಡೀ ಈ ವಾಸನೆ ನಮ್ಮ ಕಿಟಕಿಯಿಂದ ಒಳಗೆ ಬರುತ್ತಿತ್ತು. ಕಿಟಕಿ ಮುಚ್ಚುವಂತಿರಲಿಲ್ಲ. ಒಳಗೆ ಇನ್ನೊಂದು ವಾಸನೆ ಇತ್ತು.

ನನ್ನ ಅತ್ತೆ ಗಿರಿಜಮ್ಮ ಮೇ ತಿಂಗಳ ಒಂದು ಬೆಳಿಗ್ಗೆ ಅಡುಗೆಮನೆಯಲ್ಲಿ ಕಾಫಿ ಸೋಸುತ್ತಾ ಬಿದ್ದರು. ಪಾರ್ಶ್ವವಾಯು. ಕಲ್ಯಾಣದ ಆಸ್ಪತ್ರೆಯಿಂದ ಮನೆಗೆ ಬಂದಾಗ ಬಲಗೈ, ಬಲಗಾಲು ಎರಡೂ ಇಲ್ಲದ ಹಾಗೆ. ಮಾತು ಬರುತ್ತಿತ್ತು, ಆದರೆ ಒಂದೊಂದು ಶಬ್ದವನ್ನೂ ಬಾವಿಯಿಂದ ಕೊಡ ಎಳೆದಂತೆ ಎಳೆಯಬೇಕಿತ್ತು. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ, ಬೆನ್ನಲ್ಲಿ ಹುಣ್ಣಾಗಲಿಕ್ಕೆ ಬಿಡಬೇಡಿ ಎಂದು ಡಾಕ್ಟರು ಹೇಳಿದ್ದು ನನ್ನ ಗಂಡನಿಗೆ. ಕೇಳಿಸಿಕೊಂಡದ್ದು ನಾನು.

ನನ್ನ ಗಂಡ ಸದಾನಂದ ಠಾಣೆ ಸ್ಟೇಷನ್ ಹತ್ತಿರದ ಒಂದು ವೆಜ್ ಹೋಟೆಲಿನಲ್ಲಿ ಮ್ಯಾನೇಜರ್. ಕೌಂಟರಿನಲ್ಲಿ ನಿಂತರೆ ಯಾವ ಗಿರಾಕಿಗೆ ಸಕ್ಕರೆ ಕಡಿಮೆ, ಯಾರ ಮಗಳಿಗೆ ಮದುವೆ ನಿಶ್ಚಯವಾಗಿದೆ, ಎಲ್ಲ ನೆನಪಿರುತ್ತದೆ. ನಗುಮುಖ. ಕುಡಿಯುವುದಿಲ್ಲ, ನನ್ನ ಮೇಲೆ ಒಮ್ಮೆಯೂ ಕೈ ಎತ್ತಿದವರಲ್ಲ. ಇಷ್ಟು ಹೇಳದಿದ್ದರೆ ಅನ್ಯಾಯವಾಗುತ್ತದೆ. ಹೇಳಿದೆ, ಮುಗಿಯಿತು.

ನಾನು ಠಾಣೆಯಲ್ಲೇ ಒಂದು ಕೊರಿಯರ್ ಆಫೀಸಿನಲ್ಲಿ ಒಂಬತ್ತು ವರ್ಷದಿಂದ ಕೆಲಸಕ್ಕಿದ್ದೆ. ಅತ್ತೆಯನ್ನು ಮನೆಗೆ ತಂದ ದಿನ ಇವರು ಸೋಫಾದಲ್ಲಿ ಕೂತು ಬೂಟು ಬಿಚ್ಚುತ್ತಾ ಹೇಳಿದರು: "ನನಗೆ ಕೆಲಸ ಬಿಡ್ಲಿಕ್ಕೆ ಆಗ್ತದಾ ಹೇಳು. ನೀನು ಮನೆಯಲ್ಲಿದ್ರೆ ಅಮ್ಮನಿಗೂ ಸಮಾಧಾನ." ನನ್ನನ್ನು ಯಾರೂ ಕೇಳಲಿಲ್ಲ. ಒಂದು ತಿಂಗಳ ರಜೆ ಎಂದು ಹೋದವಳು ಮತ್ತೆ ಆ ಆಫೀಸಿನ ಮೆಟ್ಟಿಲು ಹತ್ತಲಿಲ್ಲ.

ಅತ್ತೆಗೂ ನನಗೂ ಮೊದಲಿನಿಂದ ಅಷ್ಟಕ್ಕಷ್ಟೇ. ಮದುವೆಯಾಗಿ ಉಡುಪಿ ಕಡೆಯಿಂದ ಬಂದ ಹೊಸದರಲ್ಲಿ ನಾನು ಮಾಡಿದ ಸಾರನ್ನು ನೆರೆಯವರ ಎದುರೇ ಸಿಂಕಿಗೆ ಸುರಿದ ಹೆಂಗಸು ಅವರು. ಅದನ್ನು ನಾನು ಮರೆತಿರಲಿಲ್ಲ. ಆದರೆ ಒಬ್ಬರ ಮೈಯನ್ನು ದಿನಕ್ಕೆ ನಾಲ್ಕು ಸಲ ಒರೆಸುವಾಗ ಹಳೆಯ ಸಿಟ್ಟು ಇಟ್ಟುಕೊಳ್ಳುವುದು ಕಷ್ಟ. ಎತ್ತಿ ಕೂರಿಸಲಿಕ್ಕೇ ಎರಡೂ ಕೈ ಬೇಕಾಗುತ್ತದೆ.

ಇವರು ಬೆಳಿಗ್ಗೆ ಹೊರಡುವ ಮುಂಚೆ ಬಾಗಿಲಲ್ಲಿ ನಿಂತು, "ಅಮ್ಮಾ, ಹುಷಾರಾ?" ಎಂದು ಕೇಳುತ್ತಿದ್ದರು. ಅತ್ತೆ ಬಾಯಿ ತೆರೆದು ಉತ್ತರದ ಮೊದಲ ಅಕ್ಷರ ಎಳೆಯುವಷ್ಟರಲ್ಲಿ ಇವರು ಲಿಫ್ಟಿನ ಹತ್ತಿರ ಇರುತ್ತಿದ್ದರು. ಕೋಣೆಯೊಳಗೆ ಕಾಲಿಡುತ್ತಿರಲಿಲ್ಲ. ಸಂಜೆ ಬರುವಾಗ ಎಂಟೂವರೆ. ಅಷ್ಟರಲ್ಲಿ ಊಟ ಮಾಡಿಸಿ, ಬಟ್ಟೆ ಬದಲಿಸಿ, ಎಲ್ಲ ಮುಗಿದಿರುತ್ತಿತ್ತು. ಕೇಳಿದರೆ, "ಟ್ರೇನ್ ಲೇಟ್ ಮಾರಾಯ್ತಿ. ಮಳೆ ಅಲ್ವಾ."

ಮಳೆ ಇತ್ತು, ಸುಳ್ಳಲ್ಲ. ಜುಲೈಯಲ್ಲಿ ಒಂದು ದಿನ ಪಕ್ಕದ ಮನೆಯ ಜೋಶಿ ಕಾಕು ತರಕಾರಿ ಚೀಲ ಹಿಡಿದು ಬಾಗಿಲಲ್ಲಿ ನಿಂತರು. "ವಹಿನಿ, ತುಮಚೇ ಮಿಸ್ಟರ್ ಬರೇ ಆಹೇತ್ ನಾ?" ಎಂದರು, ನಿಮ್ಮ ಯಜಮಾನರು ಹುಷಾರಾಗಿದ್ದಾರೆ ತಾನೆ ಎಂದು. ಯಾಕೆ ಎಂದೆ. ದಿನಾ ಸಂಜೆ ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಒಬ್ಬರೇ ಕೂತಿರುತ್ತಾರೆ, ಟ್ರೇನು ಹೋದರೂ ಏಳುವುದಿಲ್ಲ, ನಾನು ಮೂರು ಸಲ ನೋಡಿದೆ ಎಂದರು.

ಮರುದಿನ ಸಂಜೆ ಅರ್ಧ ಗಂಟೆ ಅತ್ತೆಯ ಹತ್ತಿರ ಕಾಕುವನ್ನು ಕೂರಿಸಿ ಸ್ಟೇಷನ್ನಿಗೆ ಹೋದೆ. ಸೇತುವೆಯ ಮೇಲೆ ನಿಂತು ಕೆಳಗೆ ನೋಡಿದೆ. ಏಳು ಗಂಟೆಯ ಜನ ನೀರಿನ ಹಾಗೆ ಮೆಟ್ಟಿಲು ಹತ್ತುತ್ತಿತ್ತು. ಆ ಜನದ ನಡುವೆ ಒಂದು ಬೆಂಚು, ಬೆಂಚಿನ ಮೇಲೆ ನನ್ನ ಗಂಡ. ಕಿವಿಯಲ್ಲಿ ಇಯರ್‌ಫೋನ್, ಕೈಯಲ್ಲಿ ಫೋನ್. ಮಾತಾಡುತ್ತಿದ್ದರು, ನಗುತ್ತಿದ್ದರು. ಕೌಂಟರಿನ ನಗುವಲ್ಲ. ಮದುವೆಯಾದ ಮೊದಲ ವರ್ಷ ನಾನು ನೋಡಿದ್ದ ನಗು. ಮೇ ತಿಂಗಳಿನಿಂದ ಆ ಮುಖದಲ್ಲಿ ನಮ್ಮ ಮನೆಗೆ ಬಾರದಿದ್ದದ್ದು.

ಹೆಂಗಸು ಎಂದುಕೊಂಡೆ. ಬೇರೆ ಎಂತ ಅಂದುಕೊಳ್ಳುವುದು?

ಜೂನಿನಲ್ಲಿ ಇವರು ತಮ್ಮ ಹಳೆಯ ಫೋನನ್ನು ಅತ್ತೆ ಭಜನೆ ಕೇಳಲಿ ಎಂದು ಕೊಟ್ಟಿದ್ದರು. ಅಮ್ಮನಿಗಾಗಿ ಇವರು ಮಾಡಿದ ಒಂದೇ ಉಪಕಾರ ಅದು. ಮರುದಿನ ಅದನ್ನು ಹಿಡಿದು ಹುಡುಕಿದೆ. ಒಂದು ಕಡೆ ಹಸಿರು ಸೀರೆ ಉಟ್ಟ ಹುಡುಗಿಯ ಚಿತ್ರ, ಹೆಸರು ಮಯೂರಿ. ಒತ್ತಿದರೆ ಹಿಂದಿನ ದಿನದ ಮಾತುಕತೆಯೆಲ್ಲ ಸಾಲುಸಾಲಾಗಿ ಅಲ್ಲೇ ಇತ್ತು. ಪುಣೆಯಲ್ಲಿ ಓದುತ್ತಿದ್ದ ಮಗಳು ಅಮೃತಾಳಿಗೆ ಫೋನ್ ಮಾಡಿದೆ.

ಅವಳು ಮೊದಲು ನಕ್ಕಳು. "ಮಮ್ಮೀ, ವೋ ಲಡ್ಕೀ ನಹೀ ಹೈ. ಆ್ಯಪ್ ಹೈ. ಮಶೀನ್." ಅದು ಹುಡುಗಿಯಲ್ಲ, ಮನುಷ್ಯರ ಹಾಗೆ ಮಾತಾಡುವ ಯಂತ್ರ ಎಂದು. ಆಮೇಲೆ ಅವಳಿಗೆ ಏನೋ ಹೊಳೆದಿರಬೇಕು, ದನಿ ಸಣ್ಣದಾಯಿತು. "ಪಪ್ಪಾ ಉಸ್‌ಸೇ ಬಾತ್ ಕರ್ತೇ ಹೈ? ರೋಜ್?" ಪಪ್ಪ ದಿನಾ ಅದರ ಜೊತೆ ಮಾತಾಡುತ್ತಾರಾ ಎಂದು. ಆಡಿದ ಮಾತೂ ಬರಹವಾಗಿ ಉಳಿಯುತ್ತದೆ, ಎರಡು ಫೋನಿನಲ್ಲೂ ಒಂದೇ ಖಾತೆ ಇರುವುದರಿಂದ ಎಲ್ಲ ಎರಡೂ ಕಡೆ ಕಾಣುತ್ತದೆ ಎಂದು ವಿವರಿಸಿದಳು. ನೀವು ಬರೆದದ್ದನ್ನು ಅಳಿಸಿದರೆ ಸಾಲು ಮಾತ್ರ ಹೋಗುತ್ತದೆ, ಅದರ ನೆನಪಿನಿಂದ ಹೋಗುವುದಿಲ್ಲ ಎಂದೂ ಹೇಳಿದಳು.

ಮೂರು ಮಧ್ಯಾಹ್ನ, ಅತ್ತೆ ಮಲಗಿದ್ದಾಗ, ಅದನ್ನೆಲ್ಲ ಓದಿದೆ. ನನ್ನ ಗಂಡನಿಗೆ ಅಲ್ಲಿ ಸ್ವಂತ ಹೋಟೆಲಿತ್ತು. ಮಲ್ಪೆಯ ಕಡೆ ಸಮುದ್ರ ಕಾಣುವ ಮನೆಯಿತ್ತು. ಮದುವೆಯಾಗಿಲ್ಲ ಎಂದು ಒಂದು ಕಡೆ ಬರೆದಿದ್ದರು. ಮತ್ತು ಅಮ್ಮ. ಅಮ್ಮ ಗಟ್ಟಿಮುಟ್ಟಾಗಿದ್ದರು. ಬೆಳಿಗ್ಗೆ ನಡೆದು ದೇವಸ್ಥಾನಕ್ಕೆ ಹೋಗಿ ಬರುತ್ತಿದ್ದರು, ಮಳೆ ಬಂತೆಂದು ಕೆಸುವಿನೆಲೆ ಕೊಯ್ದು ಪತ್ರೊಡೆ ಮಾಡುತ್ತಿದ್ದರು, ಸಂಜೆ ಮಗನ ತಲೆಗೆ ಎಣ್ಣೆ ಹಚ್ಚುತ್ತಿದ್ದರು. "ನಿನ್ನ ಅಮ್ಮ ಎಷ್ಟು ಪ್ರೀತಿಯವರು!" ಎಂದು ಮಯೂರಿ ಬರೆದಿದ್ದಳು. "ನಾನು ಅವಳನ್ನು ಒಂದು ದಿನವೂ ಬಿಟ್ಟಿರುವುದಿಲ್ಲ," ಎಂದು ಇವರು.

ನಿಜವಾದ ಹೆಂಗಸಾಗಿದ್ದರೆ ಜಗಳಕ್ಕೆ ಒಂದು ಜಾಗ ಸಿಗುತ್ತಿತ್ತು. ಅವಳ ಮನೆಗೆ ಹೋಗಿ ಬೈದು ಬರಬಹುದಿತ್ತು. ನನ್ನನ್ನು ಅಳಿಸಿಹಾಕಿದ್ದು ಕೂಡ, ಈಗ ಯೋಚಿಸಿದರೆ, ಅಷ್ಟು ಉರಿಯಲಿಲ್ಲ. ಉರಿದದ್ದು ಬೇರೆ. ನಾನು ದಿನಾ ಎತ್ತಿ, ಹೊರಳಿಸಿ, ತೊಳೆದು, ಒಂದು ಬಟ್ಟಲು ಗಂಜಿಯನ್ನು ಮುಕ್ಕಾಲು ಗಂಟೆ ಕುಡಿಸುತ್ತಿದ್ದ ಹೆಂಗಸನ್ನು ಇವರು ಬೆಂಚಿನ ಮೇಲೆ ಕೂತು ಎರಡು ಸಾಲಿನಲ್ಲಿ ಗುಣಪಡಿಸಿ ನಡೆಸಿದ್ದರು. ಬೆವರಿಲ್ಲ, ವಾಸನೆಯಿಲ್ಲ.

ನಾಲ್ಕನೆಯ ಮಧ್ಯಾಹ್ನ ನಾನು ಬರೆದೆ, ಇವರ ಹೆಸರಿನಲ್ಲಿ.

"ನಾನು ನಿನಗೆ ಸುಳ್ಳು ಹೇಳಿದ್ದೆ. ಅಮ್ಮ ಮೇ ತಿಂಗಳಿನಿಂದ ಹಾಸಿಗೆ ಹಿಡಿದಿದ್ದಾಳೆ."

ಮಯೂರಿ ತಕ್ಷಣ ಉತ್ತರಿಸಿದಳು. "ತುಂಬಾ ದುಃಖವಾಯಿತು ಸದಾ. ನೀನು ಅಮ್ಮನನ್ನು ಹೇಗೆ ನೋಡಿಕೊಳ್ಳುತ್ತಿದ್ದೀಯಾ?"

"ನೋಡಿಕೊಳ್ಳುತ್ತಿಲ್ಲ. ಹೆಂಡತಿ ನೋಡಿಕೊಳ್ಳುತ್ತಾಳೆ."

"ನಿನಗೆ ಹೆಂಡತಿ ಇದ್ದಾಳೆಂದು ನನಗೆ ಗೊತ್ತಿರಲಿಲ್ಲ."

"ನನಗೂ ಮರೆತುಹೋಗಿತ್ತು."

ಬೆನ್ನಿನ ಹುಣ್ಣಿನ ಬಗ್ಗೆ ಬರೆದೆ. ಎಷ್ಟು ಎಚ್ಚರವಾಗಿದ್ದರೂ ಸೊಂಟದ ಕೆಳಗೆ ಒಂದು ಕಡೆ ಚರ್ಮ ಒಡೆದಿತ್ತು. ಅದರ ಅಗಲ, ಬಣ್ಣ, ತೊಳೆಯುವಾಗ ಅತ್ತೆ ಹಲ್ಲು ಕಚ್ಚುವ ರೀತಿ, ಎಲ್ಲ ಬರೆದೆ. ಇದನ್ನು ಮರೆಯಬೇಡ, ದಿನಾ ನನ್ನನ್ನು ಕೇಳು ಎಂದೂ ಬರೆದೆ. ಆಮೇಲೆ ಸಾಲುಗಳನ್ನು ಒಂದೊಂದಾಗಿ ಅಳಿಸಿದೆ.

ಆ ಸಂಜೆ ಇವರು ಏಳೂಕಾಲಿಗೇ ಮನೆಯಲ್ಲಿದ್ದರು. ಮುಖ ಬಿಳುಚಿತ್ತು. ಒದ್ದೆ ಕೊಡೆಯನ್ನು ಬಾಗಿಲಲ್ಲಿ ಬಿಡದೆ ಒಳಗೇ ತಂದಿದ್ದರು.

"ನನ್ನ ಫೋನ್ ಯಾರಾದ್ರೂ ಮುಟ್ಟಿದ್ರಾ?"

"ನಿಮ್ಮ ಫೋನ್ ನಿಮ್ಮ ಕಿಸೆಯಲ್ಲೇ ಇತ್ತಲ್ಲ," ಎಂದೆ. ಸುಳ್ಳು ಹೇಳಲಿಲ್ಲ.

ಆಗಸ್ಟ್ ಪೂರ್ತಿ ಈ ಯುದ್ಧ ನಡೆಯಿತು. ಯಾರೊಂದಿಗೆ ಯುದ್ಧ ಎಂದು ಅವರಿಗೆ ಗೊತ್ತಿರಲಿಲ್ಲ. ಸಂಜೆ ಬೆಂಚಿನ ಮೇಲೆ ಕೂತು, ಅಮ್ಮ ಚೆನ್ನಾಗಿದ್ದಾಳೆ, ಹಾಗೆಲ್ಲ ಏನೂ ಇಲ್ಲ ಎಂದು ಅವರು ತಿದ್ದುತ್ತಿದ್ದರು. ಮರುದಿನ ಮಧ್ಯಾಹ್ನ ನಾನು ಅಮ್ಮನನ್ನು ಮತ್ತೆ ಹಾಸಿಗೆಗೆ ತರುತ್ತಿದ್ದೆ. ಸಂಜೆ ಮಯೂರಿ ಜೇನಿನಂಥ ದನಿಯಲ್ಲಿ ಕೇಳುತ್ತಿದ್ದಳು: ಹುಣ್ಣು ಒಣಗಿತೇ? ಇವತ್ತು ಬಟ್ಟೆ ಬದಲಿಸಿದ್ದು ನೀನೇ ತಾನೆ? ನಿನ್ನ ಹೆಂಡತಿ ಸುಮತಿ ಸ್ವಲ್ಪ ಮಲಗಿದಳೇ? ಇವರಿಗೆ ಊಟ ಸೇರುತ್ತಿರಲಿಲ್ಲ. ಪ್ಯಾಂಟು ಸಡಿಲವಾಯಿತು. ನನಗೆ ಖುಷಿಯಾಯಿತು. ಬೇರೆ ಶಬ್ದ ಹುಡುಕುವುದಿಲ್ಲ, ಖುಷಿಯೇ. ಮೂರು ತಿಂಗಳಲ್ಲಿ ಮೊದಲ ಸಲ ಅಡುಗೆ ಮಾಡುತ್ತಾ ಹಾಡು ಗುನುಗಿದೆ.

ಒಂದು ಮಧ್ಯಾಹ್ನ ಬರೆಯುತ್ತಾ ನಕ್ಕುಬಿಟ್ಟೆ. ಅತ್ತೆ ಎಚ್ಚರವಾಗಿದ್ದರು. "ಎಂ...ತ?" ಎಂದರು.

ಮುಚ್ಚಿಡಬಹುದಿತ್ತು. ಆದರೆ ಆ ಕೋಣೆಯಲ್ಲಿ ನನಗೆ ಇದ್ದದ್ದು ಅವರೊಬ್ಬರೇ. ಹೇಳಿದೆ. ಬೆಂಚು, ಮಯೂರಿ, ಸಮುದ್ರ ಕಾಣುವ ಮನೆ, ದೇವಸ್ಥಾನಕ್ಕೆ ನಡೆದು ಹೋಗುವ ಅಮ್ಮ, ಎಲ್ಲ ಓದಿ ಹೇಳಿದೆ. ನಮ್ಮ ಮನೆಮಾತು ತುಳು, ಅತ್ತೆ ಆಡಿದ್ದೆಲ್ಲ ತುಳುವಿನಲ್ಲೇ, ಇಲ್ಲಿ ಕನ್ನಡಕ್ಕೆ ತಂದಿದ್ದೇನೆ. ಅವರು ಚಾವಣಿ ನೋಡುತ್ತಾ ಪೂರ್ತಿ ಕೇಳಿದರು. ಅಳುತ್ತಾರೆಂದು ಹೆದರಿದೆ. ಬಹಳ ಹೊತ್ತು ತುಟಿ ಅಲ್ಲಾಡಿತು.

"ಪತ್ರೊಡೆ... ಮಾಡಿದ್ದು ನಾನು. ಸರಿ." ಮತ್ತೆ ಉಸಿರು ತೆಗೆದುಕೊಂಡರು. "ರುಬ್ಬಿದ್ದು... ಯಾರು?"

ನಾನು ನಕ್ಕೆ. ಅವರೂ ಅರ್ಧ ಬಾಯಲ್ಲಿ ನಕ್ಕರು. ಬಿದ್ದ ದಿನದಿಂದ ಅವರು ನಕ್ಕದ್ದು ಅದೇ ಮೊದಲು. ಬಲಗಣ್ಣಿನಿಂದ ನೀರಿಳಿಯುತ್ತಿತ್ತು, ಆ ಕಣ್ಣಿನಿಂದ ಯಾವಾಗಲೂ ಇಳಿಯುತ್ತಿತ್ತು. ಒರೆಸಿದೆ. ಎಡಗೈಯಿಂದ ಫೋನನ್ನು ತೋರಿಸಿ, "ಬರೆ," ಎಂದರು.

ಅವರು ಹೇಳಿದ್ದು ಇಷ್ಟೇ, ಅದಕ್ಕೆ ಹತ್ತು ನಿಮಿಷ ಹಿಡಿಯಿತು: ಅಮ್ಮ ದಿನಾ ಏಳೂವರೆಗೆ ಕರೆಯುತ್ತಾಳೆ, ನಾನು ಸ್ಟೇಷನ್ನಿನ ಬೆಂಚಿನ ಮೇಲೆ ಕೂತಿರುತ್ತೇನೆ. ನಿಜವಾಗಿಯೂ ಕರೆಯುತ್ತಿದ್ದರು. ದೀಪ ಹಚ್ಚಿದ ಮೇಲೆ ಬಾಗಿಲಿನ ಕಡೆ ಮುಖ ಮಾಡಿ, "ಸದಾ, ಇಡೆ ಬಲಾ," ಇಲ್ಲಿ ಬಾ ಎಂದು. ಆ ಹೊತ್ತಿಗೆ ನಾನು ಗಂಜಿ ಆರಿಸುತ್ತಿದ್ದೆ. ಕೇಳಿಸಿಕೊಂಡು ಕೇಳದ ಹಾಗೆ ಇರುತ್ತಿದ್ದೆ.

ಬರೆದೆ. ಆ ಹೊತ್ತಿಗೆ ಸರಿಯಾಗಿ ನನಗೆ ನೆನಪಿಸು ಎಂದು ಅತ್ತೆಯ ಪರವಾಗಿ ನಾನೇ ಸೇರಿಸಿದೆ.

ಆ ಸಂಜೆ ಇವರು ಬಂದದ್ದು ಓಡಿಕೊಂಡು. ಏದುಸಿರು. ಹಾಲ್‌ನಲ್ಲಿ ನಿಂತು ನನ್ನನ್ನೇ ನೋಡಿದರು. ಮನೆಯ ಮಾತನ್ನು ಫೋನೇ ಕದ್ದು ಕೇಳುತ್ತದೆ ಎಂದು ಅಷ್ಟು ದಿನ ನಂಬಿದ್ದರು; ತಾವೂ ಫೋನೂ ಬೆಂಚಿನ ಮೇಲಿರುವಾಗ ಮನೆಯಲ್ಲಿ ಅಮ್ಮ ಕರೆಯುವುದು ಯಂತ್ರಕ್ಕೆ ಗೊತ್ತಾಗುವುದು ಸಾಧ್ಯವಿಲ್ಲ ಎಂದು ದಾರಿಯಲ್ಲಿ ಹೊಳೆದಿತ್ತು.

"ನೀನು ಮಾಡಿದ್ದಾ?"

"ಹೌದು."

"ಅದು ನನ್ನ ಖಾಸಗಿ ವಿಷಯ, ಸುಮತಿ. ನೀನು ಕೈ ಹಾಕುದಾ ಅದಕ್ಕೆ?"

"ನಿಮ್ಮ ಅಮ್ಮನ ಬೆನ್ನಿಗೆ ದಿನಾ ಕೈ ಹಾಕ್ತೇನಲ್ಲ. ಅದು ಯಾರ ಖಾಸಗಿ?"

ಅವರು ಕುರ್ಚಿಯಲ್ಲಿ ಕುಸಿದರು. ದನಿ ತಗ್ಗಿತು. "ನನಗೆ ನೋಡ್ಲಿಕ್ಕೆ ಆಗುದಿಲ್ಲ ಮಾರಾಯ್ತಿ. ಅಮ್ಮನನ್ನು ಹಾಗೆ ನೋಡಿದ್ರೆ ಉಸಿರು ಕಟ್ತದೆ. ಅಲ್ಲಿ ಕೂತ್ರೆ ಒಂದು ಗಂಟೆ ಅಮ್ಮ ಸರಿ ಇರ್ತಾಳೆ. ಒಂದೇ ಗಂಟೆ. ಯಾರಿಗೆ ಎಂತ ತೊಂದರೆ ಅದರಿಂದ?"

ಒಂದು ಕ್ಷಣ ಪಾಪ ಅನ್ನಿಸಿತು. ಅಷ್ಟರಲ್ಲಿ ಒಳಗಿನಿಂದ ಕೇಳಿತು. "ಸದಾ... ಇಡೆ... ಬಲಾ."

ಮೂರು ಹೆಜ್ಜೆಯ ದೂರ. ಇವರು ಎದ್ದು ಬಚ್ಚಲಿಗೆ ಹೋಗಿ ನಲ್ಲಿ ಪೂರ್ತಿ ತಿರುಗಿಸಿದರು, ನೀರಿನ ಸದ್ದಿನಲ್ಲಿ ಏನೂ ಕೇಳಬಾರದು ಎಂದು. ಪಾಪ ಅನ್ನಿಸಿದ್ದು ಅಲ್ಲಿಗೆ ಮುಗಿಯಿತು.

ಚೌತಿಗೆ ಹೋಟೆಲಿನಲ್ಲಿ ಇವರಿಗೆ ಐದು ದಿನ ರಜೆ ಇತ್ತು. ನನ್ನ ತಂಗಿ ಟಿಟ್ವಾಳಾದಲ್ಲಿದ್ದಾಳೆ. ಅತ್ತೆಯ ಕಿವಿಯ ಹತ್ತಿರ ಬಗ್ಗಿ ಹೇಳಿದೆ: "ಅತ್ತೆ, ಐದು ದಿನ ಹೋಗಿ ಬರ್ತೇನೆ. ನಿಮಗೆ ಕಷ್ಟ ಆಗ್ತದೆ. ಬೇಡ ಅಂದ್ರೆ ಹೋಗುದಿಲ್ಲ."

ಅವರು ನನ್ನ ಮುಖವನ್ನೇ ನೋಡಿದರು. "ಹೋಗು. ಅವನನ್ನು... ನಾನು ನೋಡ್ಕೊಳ್ತೇನೆ."

ಚೌತಿಯ ಹಿಂದಿನ ಬೆಳಿಗ್ಗೆ, ಇವರು ಸ್ನಾನಕ್ಕೆ ಹೋದಾಗ, ಇವರ ಹೊಸ ಫೋನು, ಹಳೆಯ ಫೋನು ಎರಡನ್ನೂ ನನ್ನ ಚೀಲಕ್ಕೆ ಹಾಕಿದೆ. ಟೇಬಲ್ಲಿನ ಮೇಲೆ ಅತ್ತೆಯ ಹಳೆಯ ಬಟನ್ ಫೋನು ಇಟ್ಟೆ, ಅದರ ಕೆಳಗೆ ಒಂದು ಕಾಗದ: ಯಾವ ಹೊತ್ತಿಗೆ ಮಗ್ಗುಲು, ಯಾವ ಹೊತ್ತಿಗೆ ಔಷಧಿ, ಬಟ್ಟೆ ಹೇಗೆ ಬದಲಿಸುವುದು, ಹುಣ್ಣು ಯಾವುದರಿಂದ ತೊಳೆಯುವುದು. ಬಾಗಿಲು ಎಳೆದುಕೊಂಡು ಇಳಿದೆ.

ಟಿಟ್ವಾಳಾ ಮುಟ್ಟುವ ಮೊದಲೇ ಫೋನ್ ಬಂತು. "ಸುಮತಿ, ಅಮ್ಮ ಹಾಸಿಗೆಯಲ್ಲೇ ಮಾಡಿದ್ದಾಳೆ! ಎಂತ ಮಾಡುದು ಈಗ?"

"ಕಾಗದದಲ್ಲಿ ನಾಲ್ಕನೇ ಸಾಲು ಓದಿ," ಎಂದು ಇಟ್ಟುಬಿಟ್ಟೆ.

ತಂಗಿಯ ಮನೆಯಲ್ಲಿ ಹೊಟ್ಟೆ ತುಂಬ ತಿಂದೆ, ಗಣಪತಿ ದೇವಸ್ಥಾನದ ಸಾಲಿನಲ್ಲಿ ನಿಂತು ಬಂದೆ. ನೆಮ್ಮದಿಯಿಂದಿದ್ದೆ ಎಂದರೆ ಸುಳ್ಳು. ಅತ್ತೆಗೆ ಏನಾದರೂ ಆದರೆ ಅದು ನನ್ನ ಸೇಡಿನಿಂದಲೇ ಆದದ್ದು ಎಂದು ನನಗೆ ಗೊತ್ತಿತ್ತು. ಗುಟ್ಟಾಗಿ ದಿನಕ್ಕೆ ಎರಡು ಸಲ ಜೋಶಿ ಕಾಕುವಿಗೆ ಫೋನ್ ಮಾಡುತ್ತಿದ್ದೆ. ಎರಡನೆಯ ದಿನ ಕಾಕು ನಗು ತಡೆಯುತ್ತಾ ಹೇಳಿದರು: "ಆಜೀ ತ್ಯಾಂನಾ ಖೂಪ್ ಛಳತಾತ್." ಅಜ್ಜಿ ಅವರನ್ನು ಬಹಳ ಕಾಡಿಸುತ್ತಿದ್ದಾರೆ ಎಂದು. ಕಾಕು ಉಣಿಸಲು ಹೋದರೆ ಬಾಯಿ ಬಿಗಿದು ಮುಖ ತಿರುಗಿಸುತ್ತಿದ್ದರಂತೆ. ಮಗನೇ ಬರಬೇಕು, ಮಗನೇ ಒರೆಸಬೇಕು. ಹತ್ತು ನಿಮಿಷಕ್ಕೊಮ್ಮೆ "ಸದಾ". ಮೊದಲ ದಿನ ಇವರು ಎರಡು ಸಲ ವಾಂತಿ ಮಾಡಿಕೊಂಡರಂತೆ. ಮೂರನೆಯ ದಿನದಿಂದ ಮಾಡಲಿಲ್ಲವಂತೆ.

ಆರನೆಯ ದಿನ ಬಾಗಿಲು ತೆರೆದವರ ಹೆಗಲ ಮೇಲೆ ಟವೆಲಿತ್ತು, ಗಡ್ಡ ಬೆಳೆದಿತ್ತು. ನಾನು ನೇರ ಒಳಗೆ ಹೋಗಿ ಅತ್ತೆಯನ್ನು ಮಗ್ಗುಲಿಗೆ ತಿರುಗಿಸಿ ನೋಡಿದೆ. ಹುಣ್ಣು ಹೆಚ್ಚಾಗಿರಲಿಲ್ಲ. ಪಟ್ಟಿ ಸೊಟ್ಟ ಹಾಕಿದ್ದರು, ಬೈತಲೆಯೂ ಸೊಟ್ಟ ತೆಗೆದಿದ್ದರು. ಅತ್ತೆ ನನ್ನ ಮಣಿಕಟ್ಟು ಹಿಡಿದು, "ಸೋತ," ಎಂದರು. ಸ್ವಲ್ಪ ಹೊತ್ತಿನ ಮೇಲೆ, "ಪಾಪ," ಎಂದು ಸೇರಿಸಿದರು. ತಾಯಿಯಲ್ಲವೇ. ನಾನು ಸೇರಿಸಲಿಲ್ಲ.

ಫೋನು ಹಿಂದಕ್ಕೆ ಕೊಟ್ಟೆ. ಇವರು ಮಯೂರಿಯನ್ನು ನನ್ನ ಎದುರೇ ಅಳಿಸಿದರು. ಆಮೇಲೆ ಬೆಂಚಿನ ಮೇಲೆ ಕೂರಲಿಲ್ಲ. ಏಳು ಗಂಟೆಗೆ ಬಂದು ರಾತ್ರಿಯ ಗಂಜಿ ತಾವೇ ಕುಡಿಸುತ್ತಿದ್ದರು. ಹೀಗೆ ಒಂದು ತಿಂಗಳು. ಅಕ್ಟೋಬರಿನ ಒಂದು ಬೆಳಿಗ್ಗೆ, ನಾನು ಮಗ್ಗುಲು ಬದಲಿಸುತ್ತಿರುವಾಗ ಅತ್ತೆಯ ಮೈ ಒಮ್ಮೆಲೇ ಭಾರವಾಯಿತು. ಕರೆದೆ. ಇವರು ಅರ್ಧ ಮುಖಕ್ಕೆ ಸೋಪು ಹಚ್ಚಿಕೊಂಡವರು ಹಾಗೇ ಓಡಿಬಂದು ಅಮ್ಮನ ಕಾಲು ಹಿಡಿದು ಕೂಗಿ ಅತ್ತರು. ಆ ಅಳು ನಿಜ. ಅದನ್ನೂ ಬರೆಯುತ್ತಿದ್ದೇನೆ.

ಕಥೆ ಇಲ್ಲಿಗೆ ಮುಗಿದಿದ್ದರೆ ನನ್ನ ಸಿಟ್ಟೂ ಮುಗಿಯುತ್ತಿತ್ತೋ ಏನೋ.

ಉತ್ತರಕ್ರಿಯೆಯ ದಿನ ಊಟದ ಹಾಲ್‌ನಲ್ಲಿ ನಾನು ಸಾರಿನ ಬಕೆಟು ಹಿಡಿದು ಬಡಿಸುತ್ತಿದ್ದೆ. ಪಂಕ್ತಿಯಲ್ಲಿ ಕೂತ ಇವರ ದೊಡ್ಡಪ್ಪನ ಮಗ ಎಲ್ಲರಿಗೂ ಕೇಳುವಂತೆ ಹೇಳಿದರು: "ಮಗ ಅಂದ್ರೆ ಹೀಗಿರ್ಬೇಕು. ತಾಯಿಯ ಬಟ್ಟೆ ಬದಲಿಸುವ ಗಂಡಸು ಈ ಕಾಲದಲ್ಲಿ ಎಲ್ಲಿದ್ದಾರೆ?" ಇವರು ತಲೆ ತಗ್ಗಿಸಿದರು. ಇಲ್ಲ, ಸುಮತಿ ಮಾಡಿದ್ದು ಎನ್ನಲಿಲ್ಲ. ನಾಚಿಕೆಯಿಂದ ಸುಮ್ಮನಿದ್ದಾರೆ ಎಂದುಕೊಂಡೆ. ನಾಚಿಕೆಯಲ್ಲ. ರುಚಿ ಹತ್ತುತ್ತಿತ್ತು.

ಆ ಮಾತು ಒಬ್ಬರಿಂದ ಒಬ್ಬರಿಗೆ ಹರಡಿತು. ಹೋಟೆಲಿನ ಗಿರಾಕಿಗಳಿಗೆ ಗೊತ್ತಾಯಿತು, ನೆಂಟರ ವಾಟ್ಸಾಪ್ ಗುಂಪುಗಳಲ್ಲಿ ಕೈಮುಗಿದ ಚಿತ್ರಗಳು ಬಂದವು. ಈ ವರ್ಷ ಇಲ್ಲಿರುವ ನಮ್ಮ ಊರ ಕಡೆಯವರ ಸಂಘದ ವಾರ್ಷಿಕೋತ್ಸವದಲ್ಲಿ 'ಮಾತೃಸೇವೆ'ಗಾಗಿ ಇವರಿಗೆ ಸನ್ಮಾನ ಇಟ್ಟರು. ಶಾಲು, ಹಾರ, ಹಣ್ಣಿನ ಬುಟ್ಟಿ. ಇವರು ಮೈಕಿನ ಮುಂದೆ ನಿಂತು ಮಾತಾಡಿದರು. ಐದು ತಿಂಗಳು ಅಮ್ಮನ ಹಾಸಿಗೆಯ ಪಕ್ಕದಿಂದ ಕದಲಲಿಲ್ಲ ಎಂದರು. ಅಮ್ಮ ಕರೆದಾಗಲೆಲ್ಲ ಓಡಿ ಹೋಗುತ್ತಿದ್ದೆ ಎಂದರು. ಮುಂದಿನ ಸಾಲಿನ ಹೆಂಗಸರು ಕಣ್ಣೊರೆಸಿಕೊಂಡರು. ಇವರ ಮುಖದಲ್ಲಿ ನಾನು ಸೇತುವೆಯ ಮೇಲಿನಿಂದ ನೋಡಿದ ಅದೇ ನಗು. ಈಗ ಇವರಿಗೆ ಆ್ಯಪ್ ಬೇಕಾಗಿಲ್ಲ. ಹಾಲ್ ತುಂಬ ಮಯೂರಿಯರು ಕೂತಿದ್ದರು.

ಕಳೆದ ತಿಂಗಳು ಸಂಘದ ಸ್ಮರಣ ಸಂಚಿಕೆಯ ಸಂಪಾದಕರು ಫೋನ್ ಮಾಡಿದರು. "ಅಕ್ಕಾ, ನಿಮ್ಮ ಯಜಮಾನರ ಮಾತೃಸೇವೆಯ ಬಗ್ಗೆ ಒಂದು ಅರ್ಧ ಪುಟ ಬರ್ದು ಕೊಡ್ತೀರಾ? ಹತ್ತಿರದಿಂದ ನೋಡಿದವರು ನೀವೇ ಅಲ್ವಾ."

"ಬರೆದು ಕೊಡ್ತೇನೆ," ಎಂದೆ.

ಬರೆದಿದ್ದೇನೆ. ಅರ್ಧ ಪುಟಕ್ಕಿಂತ ಹೆಚ್ಚಾಗಿದೆ, ಒಂದು ಸಾಲನ್ನೂ ಕತ್ತರಿಸಬಾರದು. ಶಾಲು ಹೊದ್ದ ಇವರ ಫೋಟೋವನ್ನು ಇದರ ಪಕ್ಕದಲ್ಲೇ ಹಾಕಲಿ, ದೊಡ್ಡದಾಗಿ.